ಸ್ಪೇನಿನ ವಲೆನ್ಸಿಯಾಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಬರೋ ನಮ್ಮೋರಿಗೆ

ಮೊದಲೇ ಹೇಳ್ಬಿಡ್ತೀನಿ, ಬೀಚು ಬಿಸಿಲು ಸನ್‌ಸೆಟ್ಟು ಬಗ್ಗೆ ಇಲ್ಲೇನೂ ಇಲ್ಲ, ಅದನ್ನೆಲ್ಲ ರೀಲ್ಸಲ್ಲಿ ನೋಡಿ ನೋಡಿನೇ ನೀವು ಇಲ್ಲಿಗೆ ಬರೋ ಮನಸ್ಸು ಮಾಡಿರ್ತೀರ. ಹೊಸದಾಗಿ ಬರೋರು ನಂಗೆ ಕಳಿಸೋ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, "ವೀಸಾ ಆಯ್ತು, ಟಿಕೆಟ್ ಆಯ್ತು, ಮನೆ ಬಂದ್ಮೇಲೆ ನೋಡ್ಕೊಂಡ್ರೆ ಸಾಕಲ್ವಾ?" ಸಾಕಾಗಲ್ಲ ಮಾರಾಯ್ರೆ. ಇಲ್ಲಿ ಎಲ್ಲದರ ಬುಡ ಇರೋದೇ ಆ ಮನೆ ಅಗ್ರಿಮೆಂಟಲ್ಲಿ.

ಮನೆ ಅಂದ್ರೆ ಬಾಲ್ಕನಿಯಿಂದ ಸಮುದ್ರ ಕಾಣತ್ತಾ ಅನ್ನೋದಲ್ಲ, ಆ ವಿಳಾಸದಲ್ಲಿ ಪಾಡ್ರೋನ್ ಮಾಡ್ಸಕ್ಕೆ ಬಿಡ್ತಾರಾ ಅನ್ನೋದು ಮುಖ್ಯ. ಪಾಡ್ರೋನ್ ಅಂದ್ರೆ ನಾನು ಈ ಮನೆಯಲ್ಲಿ ವಾಸ ಇದೀನಿ ಅಂತ ನಗರಸಭೆ ಪುಸ್ತಕದಲ್ಲಿ ಹೆಸರು ಬರೆಸೋದು, ಅದಕ್ಕೆ ದುಡ್ಡಿಲ್ಲ, ಪಾಸ್‌ಪೋರ್ಟು ಮತ್ತೆ ಬಾಡಿಗೆ ಕರಾರು ತಗೊಂಡು ಅಪಾಯಿಂಟ್‌ಮೆಂಟ್ ದಿನ ಹೋದ್ರೆ ಸಾಮಾನ್ಯವಾಗಿ ಅಲ್ಲೇ ಮಾಡಿಕೊಡ್ತಾರೆ. ಆ ಒಂದು ಹಾಳೆ ಇದ್ರೆ ರೆಸಿಡೆನ್ಸ್ ಕಾರ್ಡಿನ ಕೆಲಸ, ಸರ್ಕಾರಿ ಹೆಲ್ತ್ ಸೆಂಟರ್, ಮಕ್ಕಳ ಸ್ಕೂಲು ಎಲ್ಲ ಒಂದಾದ ಮೇಲೊಂದು ಸಲೀಸಾಗಿ ಹೋಗತ್ತೆ, ಇಲ್ಲ ಅಂದ್ರೆ ಪ್ರತಿ ಕೌಂಟರಲ್ಲೂ ಅದನ್ನೇ ಕೇಳಿ ವಾಪಸ್ ಕಳಿಸ್ತಾರೆ. ಕೆಲವು ಓನರ್‌ಗಳು "ಮನೆ ಕೊಡ್ತೀನಿ, ಆದ್ರೆ ಪಾಡ್ರೋನ್ ಬೇಡ" ಅಂತಾರೆ. ಅದಕ್ಕೆ ಕಾನೂನಿನ ಬಲ ಇಲ್ಲ, ವಾಸ ಇರೋ ಕಡೆ ಹೆಸರು ಬರೆಸೋದು ನಿಮ್ಮ ಹಕ್ಕು, ಹಕ್ಕಿಗಿಂತ ಹೆಚ್ಚಾಗಿ ಕರ್ತವ್ಯ, ಆದರೆ ಹೊಸಬರು ಓನರ್ ಜೊತೆ ಜಗಳ ಆಡ್ಕೊಂಡು ಎಲ್ಲಿ ಹೋಗ್ತೀರ, ಹಂಗಾಗಿ ದುಡ್ಡು ಕೊಡೋಕೆ ಮುಂಚೆನೇ ನೇರವಾಗಿ ಕೇಳಿ, ಉತ್ತರ ವಾಟ್ಸಾಪಲ್ಲಿ ಬರಹದಲ್ಲಿ ಇರಲಿ. ಇನ್ನೊಂದು ಯಾರೂ ಹೇಳದ ವಿಷ್ಯ, ಪರ್ಮನೆಂಟ್ ರೆಸಿಡೆನ್ಸಿ ಇಲ್ಲದ ನಮ್ಮಂಥೋರು 2 ವರ್ಷಕ್ಕೊಮ್ಮೆ ಪಾಡ್ರೋನ್ ರಿನ್ಯೂ ಮಾಡ್ಸಬೇಕು, ಮರೆತ್ರೆ ಹೆಸರು ಉದುರಿ ಹೋಗತ್ತೆ.

ಅಗ್ರಿಮೆಂಟಲ್ಲಿ ಎರಡು ಜಾತಿ. ಒಂದು ಕಾಯಂ ವಾಸದ ಕರಾರು, ಇದರಲ್ಲಿ ನೀವು ಬಯಸಿದ್ರೆ 5 ವರ್ಷದವರೆಗೆ ಇರಬಹುದು (ಓನರ್ ಕಂಪನಿ ಆಗಿದ್ರೆ 7), ಡಿಪಾಸಿಟ್ 1 ತಿಂಗಳದ್ದು, ಅದರ ಮೇಲೆ ಹೆಚ್ಚುವರಿ ಗ್ಯಾರಂಟಿ ಕೇಳಿದ್ರೂ 2 ತಿಂಗಳು ದಾಟಂಗಿಲ್ಲ. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ನೋಡಿದೋರಿಗೆ ಇದು ಕೇಳೋಕೆ ಹಿತವಾಗಿರತ್ತೆ. 2023ರ ವಸತಿ ಕಾಯ್ದೆ ಬಂದ್ಮೇಲೆ ಏಜೆನ್ಸಿ ಕಮಿಷನ್ ಕೂಡ ಓನರೇ ಕೊಡಬೇಕು. ಇನ್ನೊಂದು ತೆಂಪೊರಾದಾ, ಅಂದ್ರೆ ತಾತ್ಕಾಲಿಕ ಕರಾರು, ಸಾಮಾನ್ಯವಾಗಿ 11 ತಿಂಗಳದ್ದು, ಮೇಲೆ ಹೇಳಿದ ರಕ್ಷಣೆ ಯಾವುದೂ ಇದರಲ್ಲಿ ಪೂರ್ತಿ ಸಿಗಲ್ಲ, ಕಮಿಷನ್ನೂ ನಿಮ್ಮ ತಲೆಗೇ ಕಟ್ತಾರೆ, ಮತ್ತೆ ವಿದೇಶದಿಂದ ಬಂದ ಲ್ಯಾಪ್‌ಟಾಪ್ ಕೆಲಸದೋರು ಅಂದ ತಕ್ಷಣ ಏಜೆಂಟ್ ಮುಂದಿಡೋದು ಇದನ್ನೇ. ಮೊದಲ ಒಂದೆರಡು ತಿಂಗಳಿಗೆ ಪರವಾಗಿಲ್ಲ, ಬಂದು ಇಳಿದು ಊರು ನೋಡ್ಕೊಳ್ಳೋಕೆ ಒಂದು ಜಾಗ ಬೇಕಲ್ಲ. ಇದೆಯಾಲಿಸ್ತಾ ಅನ್ನೋ ಮನೆ ಹುಡುಕೋ ಸೈಟಲ್ಲಿ ಫೋಟೋ ನೋಡಿ ಊರಲ್ಲೇ ಕೂತು ಡಿಪಾಸಿಟ್ ಕಳಿಸೋದು ಮಾತ್ರ ಬೇಡವೇ ಬೇಡ, ಓನರ್ ಲಂಡನ್‌ನಲ್ಲಿದಾರೆ ಕೀ ಕೊರಿಯರ್ ಮಾಡ್ತಾರೆ ಅನ್ನೋ ಕಥೆ ಬಂದ್ರೆ ಅದು ಮೋಸ, ಅಷ್ಟೇ.

ಏರಿಯಾ ಬಗ್ಗೆ ನನ್ನ ಅಭಿಪ್ರಾಯ ಬೇಕು ಅಂದ್ರೆ, ರುಸಾಫಾ ಚಂದ ಆದ್ರೆ ದುಬಾರಿ, ರಾತ್ರಿ ಗಲಾಟೆ, ಬೆಳಿಗ್ಗೆ ಬೇಗ ಕಾಲ್ ಇರೋರಿಗೆ ಅಲ್ಲ. ಬೆನಿಮಾಕ್ಲೆಟ್ ನನಗೆ ಇಷ್ಟ, ಒಂದು ಕಾಲದಲ್ಲಿ ಬೇರೆ ಹಳ್ಳಿಯೇ ಆಗಿತ್ತು, ಈಗಲೂ ಚರ್ಚಿನ ಮುಂದೆ ಹಳ್ಳಿ ಚೌಕದ ಹಾಗೇ ಇದೆ, ಮೆಟ್ರೋನೂ ಇದೆ ಟ್ರಾಮೂ ಇದೆ. ಸಮುದ್ರದ ಪಕ್ಕ ಕಬಾನ್ಯಾಲ್, ಹಳೇ ಮೀನುಗಾರರ ಕೇರಿ, ಬಣ್ಣದ ಟೈಲ್ಸ್ ಹಾಕಿದ ಮನೆಗಳು, ನೋಡೋಕೆ ಚಂದ, ಗೋಡೆಗೆ ಮಾತ್ರ ಉಪ್ಪು ತೇವ. ಕಡಿಮೆ ಬಾಡಿಗೆ ಬೇಕು ಅಂದ್ರೆ ಬೆನಿಕಲಾಪ್, ಪಾತ್ರಾಯಿಶ್ ಕಡೆ ನೋಡಿ. ಊರು ದೊಡ್ಡದಲ್ಲ, ಎಲ್ಲೇ ಇದ್ರೂ ತೂರಿಯಾ ಪಾರ್ಕಿಗೆ ಸೈಕಲ್ಲಲ್ಲಿ ಬರಬಹುದು.

ಆ ಪಾರ್ಕು ನಿಜವಾಗಿ ನದಿ ಪಾತ್ರ. 1957ರ ಅಕ್ಟೋಬರ್‌ನಲ್ಲಿ ತೂರಿಯಾ ಉಕ್ಕಿ ಊರೆಲ್ಲ ಮುಳುಗಿದ ಮೇಲೆ ನದಿಯನ್ನೇ ದಕ್ಷಿಣಕ್ಕೆ ತಿರುಗಿಸಿ, ಹಳೇ ಪಾತ್ರದಲ್ಲಿ ತೋಟ ಮಾಡಿದ್ರು, ಈಗ ಸುಮಾರು 9 ಕಿಲೋಮೀಟರ್ ಉದ್ದ ಇದೆ. ಇದನ್ನ ಯಾಕೆ ಹೇಳಿದೆ ಅಂದ್ರೆ, 2024ರ ಅಕ್ಟೋಬರ್ 29ರಂದು ಬಂದ ಪ್ರವಾಹದಲ್ಲಿ ಊರಿನ ನಡುಭಾಗ ಉಳೀತು, ಹೊಸ ಕಾಲುವೆಯ ಆಚೆ ಇರೋ ಪೈಪೋರ್ತಾ, ಕತರೋಜಾ, ಅಲ್ಫಾಫಾರ್, ಲಾ ತೋರ್ರೆ ಮುಳುಗಿದ್ವು, 220ಕ್ಕೂ ಹೆಚ್ಚು ಜನ ಸತ್ರು, ಎಷ್ಟೋ ಕಡೆ ಮಳೆನೇ ಬಿದ್ದಿರಲಿಲ್ಲ, ಮೇಲಿನ ಗುಡ್ಡದಿಂದ ನೀರು ಇಳಿದು ಬಂತು. ಮಲೆನಾಡಿನವನಾದ ನಂಗೆ ಮಳೆ ಹೊಸದಲ್ಲ, ಆದ್ರೆ ಇಲ್ಲಿನ ಮಳೆ ಜಾತಿನೇ ಬೇರೆ, ತಿಂಗಳುಗಟ್ಲೆ ಒಂದು ಹನಿ ಇಲ್ಲ, ಆಮೇಲೆ ಒಂದೇ ದಿನಕ್ಕೆ ವರ್ಷದ್ದು ಸುರೀಬಹುದು. ಹಂಗಾಗಿ ದಕ್ಷಿಣದ ಊರುಗಳಲ್ಲಿ ಬಾಡಿಗೆ ಕಡಿಮೆ ಅಂತ ನೆಲಮಹಡಿ ಮನೆ ಹಿಡಿಯೋ ಮುಂಚೆ ಯೋಚನೆ ಮಾಡಿ, ಫೋನಲ್ಲಿ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಿಟ್ಕೋಬೇಡಿ, ಅಲರ್ಟ್ ಬಂತು ಅಂದ್ರೆ ಕಾರು ತೆಗೆಯೋಕೆ ಬೇಸ್‌ಮೆಂಟಿಗೆ ಇಳೀಬೇಡಿ. ಆವತ್ತು ಹಾಗೆ ಇಳಿದೋರು ಎಷ್ಟೋ ಜನ ಮೇಲೆ ಬರಲಿಲ್ಲ.

ಇನ್ನು ಕಾಗದ ಪತ್ರ. ಡಿಜಿಟಲ್ ನೋಮ್ಯಾಡ್ ವೀಸಾ ಅಂತ ಜನ ಕರೆಯೋದು 2022ರ ಡಿಸೆಂಬರ್‌ನ ಸ್ಟಾರ್ಟಪ್ ಕಾಯ್ದೆಯಿಂದ ಬಂದಿದ್ದು. ಇಲ್ಲಿನ ಕನಿಷ್ಠ ಸಂಬಳದ ಎರಡು ಪಟ್ಟು ಆದಾಯ ತೋರಿಸಬೇಕು, 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 2,763 ಯೂರೋ, ಹೆಂಡತಿನೋ ಗಂಡನೋ ಜೊತೆಗಿದ್ರೆ ಕನಿಷ್ಠ ಸಂಬಳದ ಶೇಕಡಾ 75 ಸೇರಿಸಿ, ಆಮೇಲೆ ಒಬ್ಬೊಬ್ಬರಿಗೂ ಶೇಕಡಾ 25. ಡಿಗ್ರಿ ಇರಬೇಕು, ಇಲ್ಲಾಂದ್ರೆ 3 ವರ್ಷದ ಅನುಭವ, ಈಗಿನ ಕೆಲಸ ಕನಿಷ್ಠ 3 ತಿಂಗಳಿಂದ ಇರಬೇಕು, ಕಂಪನಿಗೆ 1 ವರ್ಷ ಆಗಿರಬೇಕು. ಇಂಡಿಯಾದಲ್ಲಿರೋ ಸ್ಪೇನ್ ಕಾನ್ಸುಲೇಟಲ್ಲಿ ಹಾಕಿದ್ರೆ 1 ವರ್ಷದ ವೀಸಾ, ಇಲ್ಲಿಗೆ ಕಾನೂನು ಪ್ರಕಾರ ಬಂದು, ಇರೋಕೆ ಅನುಮತಿ ಇರೋ ಅವಧಿಯೊಳಗೇ ಇಲ್ಲಿಂದ ಹಾಕಿದ್ರೆ ನೇರ 3 ವರ್ಷದ ಪರ್ಮಿಟ್. ಡಿಗ್ರಿ, ಮದುವೆ ಸರ್ಟಿಫಿಕೇಟು, ಪೊಲೀಸ್ ಕ್ಲಿಯರೆನ್ಸು ಎಲ್ಲದಕ್ಕೂ ಅಪೊಸ್ಟಿಲ್, ಅಂದ್ರೆ ವಿದೇಶದಲ್ಲಿ ಒಪ್ಪೋ ಸರ್ಕಾರಿ ದೃಢೀಕರಣ ಮುದ್ರೆ, ಊರಲ್ಲೇ ಮಾಡಿಸ್ಕೊಂಡು ಬನ್ನಿ, ಇಲ್ಲಿಗೆ ಬಂದ್ಮೇಲೆ ಅಣ್ಣನಿಗೋ ಅಪ್ಪನಿಗೋ ಕೊರಿಯರ್ ಮಾಡಿ ಓಡಾಡ್ಸೋದು ಯಾರಿಗೂ ಬೇಡ. ಅನುವಾದ ಮಾತ್ರ ಇಲ್ಲಿನ ಸರ್ಕಾರ ಒಪ್ಪಿದ ಅನುವಾದಕರ ಕೈಲೇ ಆಗಬೇಕು.

ತಲೆನೋವು ಇರೋದು ಸೋಶಿಯಲ್ ಸೆಕ್ಯುರಿಟಿಲಿ. ಇಂಡಿಯಾ ಕಂಪನಿಯಲ್ಲಿ ಸಂಬಳಕ್ಕಿರೋರು "ನಾನು ಪಿಎಫ್ ಕಟ್ತಿದೀನಲ್ಲ" ಅಂದ್ರೆ ಕೆಲಸ ಆಗಲ್ಲ, ಕಂಪನಿ ಇಲ್ಲಿ ರಿಜಿಸ್ಟರ್ ಆಗಿ ಕಟ್ಟೋಕೆ ಒಪ್ಪಬೇಕು, ಅದಕ್ಕೆ ಎಚ್ಆರ್‌ನೋರು ಮುಖ ತಿರುಗಿಸ್ತಾರೆ, ಕೊನೆಗೆ ನಾನು ನೋಡಿದ ನಮ್ಮೋರಲ್ಲಿ ಜಾಸ್ತಿ ಜನ ಕಾಂಟ್ರ್ಯಾಕ್ಟಿಗೆ ಬದಲಾಗಿ ಆಟೋನೊಮೊ, ಅಂದ್ರೆ ಸ್ವಂತ ದುಡಿಮೆಯವರು ಅಂತ ರಿಜಿಸ್ಟರ್ ಆಗಿದಾರೆ. ಆಟೋನೊಮೊಗೆ 2025ರ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 80 ಯೂರೋ, ಆಮೇಲೆ ಆದಾಯ ನೋಡ್ಕೊಂಡು ಏರತ್ತೆ, 3 ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಒಬ್ಬ ಹೆಸ್ತೋರ್‌ನ ಹಿಡ್ಕೊಳ್ಳಿ, ನಮ್ಮ ಆಡಿಟರ್ ಕೆಲಸನೇ ಅವರದ್ದು, ತಿಂಗಳಿಗೆ ಕೊಡೋ ದುಡ್ಡು ಖಂಡಿತ ದಂಡ ಅಲ್ಲ.

ಈಗ ಟ್ಯಾಕ್ಸ್ ವಿಷ್ಯದಲ್ಲಿ ಒಂದು ಮಾತು, ಇದನ್ನ ಎರಡು ಸಲ ಓದಿ. ವರ್ಷದಲ್ಲಿ 183 ದಿನಕ್ಕಿಂತ ಜಾಸ್ತಿ ಇಲ್ಲಿದ್ರೆ ನೀವು ಇಲ್ಲಿನ ಟ್ಯಾಕ್ಸ್ ರೆಸಿಡೆಂಟು, ಪ್ರಪಂಚದಲ್ಲಿ ಎಲ್ಲೇ ಬಂದ ಆದಾಯ ಆದ್ರೂ ಇಲ್ಲಿ ತೋರಿಸಬೇಕು. ಊರಲ್ಲಿ ಅಡಿಕೆ ತೋಟ ಇದೆ, ಪಹಣಿಯಲ್ಲಿ ನಿಮ್ಮ ಹೆಸರೂ ಇದೆ, ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಅಲ್ಲಿ ನಿಶ್ಚಿಂತೆಯಾಗಿದ್ರಿ, ಆ ವಿನಾಯಿತಿ ಇಲ್ಲಿಗೆ ತನ್ನಷ್ಟಕ್ಕೇ ಬರಲ್ಲ. ಅದಲ್ಲದೆ ಮೊದೆಲೊ 720 ಅಂತ ಒಂದು ಫಾರ್ಮ್ ಇದೆ, ವಿದೇಶದಲ್ಲಿರೋ ಬ್ಯಾಂಕ್ ಖಾತೆ ಒಂದು ಗುಂಪು, ಷೇರು ಫಂಡು ಇನ್ಶೂರೆನ್ಸ್ ಒಂದು ಗುಂಪು, ಆಸ್ತಿ ಒಂದು ಗುಂಪು, ಯಾವ ಗುಂಪು 50,000 ಯೂರೋ ದಾಟಿದ್ರೂ ಮಾರ್ಚ್ 31ರ ಒಳಗೆ ಹೇಳ್ಕೋಬೇಕು. ಅಪ್ಪನ ಜೊತೆ ಜಾಯಿಂಟ್ ಎಫ್‌ಡಿ ಇದ್ರೆ "ನನ್ನ ಪಾಲು ಅರ್ಧ ಅಷ್ಟೇ" ಅಂತ ಲೆಕ್ಕ ಹಾಕಿ ಬಿಟ್ಬಿಡಬೇಡಿ, ಮಿತಿ ನೋಡೋದು ಪೂರ್ತಿ ಮೊತ್ತದ ಮೇಲೆ. ದೇವನಹಳ್ಳಿ ಕಡೆ ಒಂದು ಸೈಟು ಸಾಕು ಈ ಮಿತಿ ದಾಟೋಕೆ. ಹೇಳಿದ್ರೆ ಟ್ಯಾಕ್ಸ್ ಅಂತಲ್ಲ, ಇದು ಬರೀ ಮಾಹಿತಿ ಫಾರ್ಮು, ಹೇಳದೇ ಇದ್ರೆ ಮಾತ್ರ ದಂಡ. ಸಂಬಳದ ಮೇಲೆ ಬರೋರಿಗೆ ಬೆಕ್‌ಹ್ಯಾಮ್ ಕಾಯ್ದೆ ಅಂತ ಇನ್ನೊಂದು ದಾರಿ ಇದೆ, 6 ಲಕ್ಷ ಯೂರೋ ತನಕ ದುಡಿಮೆಗೆ ಶೇಕಡಾ 24, ಬಂದ ವರ್ಷ ಮತ್ತೆ ಅದರ ಮುಂದಿನ 5 ವರ್ಷ, ಅದರಲ್ಲಿದ್ರೆ 720 ಕೂಡ ಬೇಡ, ಆದ್ರೆ ಸೋಶಿಯಲ್ ಸೆಕ್ಯುರಿಟಿಗೆ ಸೇರಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಸಾಮಾನ್ಯ ಆಟೋನೊಮೊಗಳಿಗೆ ಸುಲಭಕ್ಕೆ ಸಿಗಲ್ಲ. ಯಾವ ದಾರಿ ಅನ್ನೋದು ಇಲ್ಲಿಗೆ ಬರೋ ಮುಂಚೆನೇ ತೀರ್ಮಾನ ಆಗಿರಬೇಕು.

ಹೆಸರಿನ ಗೋಳು ನಮ್ಮೋರದ್ದೇ ಸ್ಪೆಷಲ್. ಇಲ್ಲಿ ಎಲ್ಲರಿಗೂ ಒಂದು ಹೆಸರು, ಎರಡು ಸರ್‌ನೇಮು, ಅಪ್ಪಂದು ಒಂದು ಅಮ್ಮಂದು ಒಂದು. ನಮ್ಮ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರಿನ ಜಾಗದಲ್ಲಿ ಊರು ಅಪ್ಪ ನಾವು ಮೂರೂ ಸೇರಿ ಒಂದು ಸಾಲು, ಕೌಂಟರ್ ಅಮ್ಮ ಪಾಸ್‌ಪೋರ್ಟ್ ತಿರುಗಿಸಿ ತಿರುಗಿಸಿ ನೋಡ್ತಾಳೆ, "ಪ್ರಿಮೇರ್ ಅಪೆಯಿದೊ?" ಅಂತಾಳೆ, ಅಂದ್ರೆ ಮೊದಲ ಸರ್‌ನೇಮ್ ಯಾವುದು ಅಂತ, ನಾವು ಇಲ್ಲ ಅಂದ್ರೆ ಕಂಪ್ಯೂಟರ್ ಒಪ್ಪಲ್ಲ, ಅವಳು ತನಗೆ ತೋಚಿದ್ದನ್ನ ತುಂಬಿಸ್ತಾಳೆ. ಒಂದು ಕಡೆ ಅಪ್ಪನ ಹೆಸರು ಸರ್‌ನೇಮ್ ಆಯ್ತು, ಇನ್ನೊಂದು ಕಡೆ ಊರ ಹೆಸರಾಯ್ತು, ಆಮೇಲೆ ಬ್ಯಾಂಕಲ್ಲಿ ಇರೋನೂ ಕಾರ್ಡಲ್ಲಿ ಇರೋನೂ ಬೇರೆ ಬೇರೆ ಮನುಷ್ಯ. ಸಾಧ್ಯ ಆದ್ರೆ ಹೊರಡೋ ಮುಂಚೆನೇ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಬೇರೆ ಮಾಡಿಸ್ಕೊಳ್ಳಿ, ಆಗದಿದ್ರೆ ಮೊದಲ ಆಫೀಸಲ್ಲಿ ಹೆಂಗೆ ಬರೆದ್ರೋ ಅದರ ಫೋಟೋ ಇಟ್ಕೊಂಡು ಮಿಕ್ಕ ಕಡೆಯೆಲ್ಲ ಅದನ್ನೇ ಬರೆಸಿ.

ಪರ್ಮಿಟ್ ಬಂದ ಒಂದು ತಿಂಗಳೊಳಗೆ ರೆಸಿಡೆನ್ಸ್ ಕಾರ್ಡಿಗೆ ಅಪಾಯಿಂಟ್‌ಮೆಂಟ್ ನೋಡಬೇಕು, ಸೀತಾ ಪ್ರೇವಿಯಾ ಅಂತಾರೆ, ಅದು ಸಿಗೋದೇ ಒಂದು ಕಸರತ್ತು. ಸ್ಲಾಟ್ ಮಾರೋರು ಇದಾರೆ, ಕೊಡಬೇಡಿ, ಸರ್ಕಾರ ಅದನ್ನ ಫ್ರೀ ಕೊಡೋದು, ಬೆಳಿಗ್ಗೆ ಬೆಳಿಗ್ಗೆ ಸೈಟ್ ನೋಡ್ತಾ ಇರಿ. ಕಾರ್ಡ್ ಬಂದ್ಮೇಲೆ ಮೊದಲ ಕೆಲಸ ಡಿಜಿಟಲ್ ಸರ್ಟಿಫಿಕೇಟ್, ಅದಿದ್ರೆ ಮುಕ್ಕಾಲು ಪಾಲು ಸರ್ಕಾರಿ ಕೆಲಸ ಮನೆಯಿಂದ್ಲೇ. ಅರ್ಜಿ ಹಾಕಿದ ಕಂಪ್ಯೂಟರಲ್ಲೇ ಅದನ್ನ ಇಳಿಸ್ಕೋಬೇಕು, ಹಂಗಾಗಿ ಆಫೀಸ್ ಲ್ಯಾಪ್‌ಟಾಪಲ್ಲಿ ಹಾಕಬೇಡಿ.

ಕೆಲಸದ ಟೈಮು. ಚಳಿಗಾಲದಲ್ಲಿ ಇಂಡಿಯಾ ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ, ಮಾರ್ಚ್ ಮತ್ತೆ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಬದಲಾಗತ್ತೆ. ಬೆಂಗಳೂರಿನ ಒಂಬತ್ತೂವರೆ ಸ್ಟ್ಯಾಂಡಪ್ ಅಂದ್ರೆ ಇಲ್ಲಿ ಜನವರಿಯಲ್ಲಿ ಬೆಳಿಗ್ಗೆ 5 ಗಂಟೆ. ಬರೋ ಮುಂಚೆ ಮ್ಯಾನೇಜರ್ ಹತ್ರ ಮಾತಾಡಿ ಮೀಟಿಂಗನ್ನ ಊರಿನ ಮಧ್ಯಾಹ್ನಕ್ಕೆ ತಳ್ಳಿಸ್ಕೊಳ್ಳಿ, ಬಂದ್ಮೇಲೆ ಕೇಳಿದ್ರೆ "ನೀನೇ ತಾನೇ ಹೋಗಿದ್ದು" ಅಂತಾರೆ. ಇಲ್ಲಿ ರಾತ್ರಿ ಊಟ 9ಕ್ಕೆ, ಅಕ್ಕಪಕ್ಕದ ಮಕ್ಕಳು 11ರ ತನಕ ಬೀದಿಯಲ್ಲಿ ಆಡ್ತಿರ್ತಾವೆ, ನೀವು 5ಕ್ಕೆ ಎದ್ದು ರಾತ್ರಿ ಇವರ ಜೊತೆ ಎಚ್ಚರ ಇದ್ರೆ ಎರಡು ತಿಂಗಳಲ್ಲಿ ಮೈ ಕೈ ಕೊಡತ್ತೆ. ಊರಿನ ಟೈಮಲ್ಲೇ ಕೆಲಸ ಅಂತಾದ್ರೆ ಮಧ್ಯಾಹ್ನದ ನಿದ್ದೆ ರೂಢಿ ಮಾಡ್ಕೊಳ್ಳಿ, 2ರಿಂದ 5ರ ತನಕ ಸಣ್ಣ ಅಂಗಡಿಗಳೆಲ್ಲ ಮುಚ್ಚಿರತ್ತೆ, ಎದ್ದು ಮಾಡೋದೇನೂ ಇರಲ್ಲ.

ಫೈಬರ್ ಇಂಟರ್ನೆಟ್ ಚೆನ್ನಾಗಿದೆ, ಅದರ ಬಗ್ಗೆ ಹೇಳೋದೇನಿಲ್ಲ, ಕರೆಂಟಿನ ಬಗ್ಗೆ ಇದೆ. ಪ್ರತಿ ಮನೆಗೂ ಎಷ್ಟು ಕಿಲೋವ್ಯಾಟ್ ಅಂತ ಕರಾರಲ್ಲೇ ಬರೆದಿರತ್ತೆ, ಹಳೇ ಮನೆಗಳಲ್ಲಿ 3.45 ಸಾಮಾನ್ಯ. ಹೀಟರ್ ಹಾಕಿದೀರ, ಅಡುಗೆ ಮನೆಯಲ್ಲಿ ಓವನ್ ಓಡ್ತಿದೆ, ಆಗ ಯಾರೋ ಟೀಗೆ ಅಂತ ಕೆಟಲ್ ಒತ್ತಿದ್ರು, ಟಪ್ ಅಂತ ಇಡೀ ಮನೆ ಕತ್ತಲು, ರೂಟರೂ ಸತ್ತೋಯ್ತು, ಕ್ಲೈಂಟ್ ಕಾಲ್ ಮಧ್ಯದಲ್ಲಿ ನೀವು ಬಾಗಿಲ ಪಕ್ಕದ ಡಬ್ಬದಲ್ಲಿ ಸ್ವಿಚ್ ಹುಡುಕ್ತಾ ನಿಂತಿರ್ತೀರ. ಮೊದಲ ದಿನವೇ ಆ ಡಬ್ಬ ಎಲ್ಲಿದೆ ನೋಡ್ಕೊಳ್ಳಿ, ರೂಟರಿಗೆ ಒಂದು ಸಣ್ಣ ಯುಪಿಎಸ್ ಇಡಿ. 2025ರ ಏಪ್ರಿಲ್ 28ರಂದು ಸ್ಪೇನಿನ ಮುಖ್ಯ ಭೂಭಾಗಕ್ಕೆಲ್ಲ ಕರೆಂಟ್ ಹೋದಾಗ ಎಷ್ಟೋ ಕಡೆ ಕಾರ್ಡ್ ಮೆಷಿನ್ ನಡೀಲಿಲ್ಲ, ಕೈಯಲ್ಲಿ ನೋಟಿದ್ದೋರು ನೀರು ಬ್ರೆಡ್ ತಗೊಂಡ್ರು, ಹಂಗಾಗಿ ಮನೆಯಲ್ಲಿ ಸ್ವಲ್ಪ ಕ್ಯಾಶ್ ಇರಲಿ.

ಮತ್ತೆ ಚಳಿ. ನಗಬೇಡಿ. ಹೊರಗೆ ಜನವರಿಯಲ್ಲಿ ಹಗಲು 16–17 ಡಿಗ್ರಿ ಬಿಸಿಲು, ಒಳಗೆ ಹೀಟಿಂಗ್ ಇಲ್ಲದ ಟೈಲ್ಸ್ ನೆಲ, ತೇವದ ಗೋಡೆ, ಕೂತು ಟೈಪ್ ಮಾಡೋನ ಬೆರಳು ಮರಗಟ್ಟತ್ತೆ. ಸ್ವೆಟರ್ ಹಾಕ್ಕೊಂಡು ಮನೆಯೊಳಗೆ ಕೂರೋದು, ಬಿಚ್ಚಿ ಹೊರಗೆ ಹೋಗೋದು, ಇಲ್ಲಿ ಇದೇ ಕ್ರಮ. ಮನೆ ನೋಡೋವಾಗ ಬಿಸಿಲು ಯಾವ ಕಡೆಯಿಂದ ಬೀಳತ್ತೆ ಕೇಳಿ, "ಇಂಟೀರಿಯೋರ್" ಅಂತ ಬರೆದಿದ್ರೆ ಕಿಟಕಿ ತೆರೆಯೋದು ಕಟ್ಟಡದ ನಡುವಿನ ಗಾಳಿಗುಂಡಿಗೆ, ಬೇಡ.

ಊಟ. ಬೇಳೆ, ಸೋನಾ ಮಸೂರಿ, ಉದ್ದು ಎಲ್ಲ ರುಸಾಫಾ ಕಡೆ ಪಾಕಿಸ್ತಾನಿ ಅಂಗಡಿಗಳಲ್ಲಿ ಸಿಗತ್ತೆ, ತಾಜಾ ಕರಿಬೇವು ಒಂದೊಂದು ದಿನ ಇರತ್ತೆ ಒಂದೊಂದು ದಿನ ಇಲ್ಲ. ಊರಿಂದ ತುಪ್ಪ, ಧಾರವಾಡ ಪೇಡ ತುಂಬ್ಕೊಂಡು ಬರ್ತೀರಲ್ಲ, ಹಾಲಿನ ಪದಾರ್ಥ ಯುರೋಪಿಗೆ ತರಂಗಿಲ್ಲ, ಕಸ್ಟಮ್ಸ್‌ನೋರು ನೋಡಿದ್ರೆ ಕಸದ ಬುಟ್ಟಿಗೆ. ಉಪ್ಪು ಹಾಕದ ಬೆಣ್ಣೆ ಮೆರ್ಕಾದೋನಾ ಸೂಪರ್‌ಮಾರ್ಕೆಟಲ್ಲಿ ತಂದು ಕಾಯಿಸ್ಕೊಳ್ಳಿ. ಸಾರಿನಪುಡಿ, ಹುಳಿಪುಡಿ, ಒಣ ಬ್ಯಾಡಗಿ ಮೆಣಸಿನಕಾಯಿಗೆ ಆ ಜಾಗ ಕೊಡಿ. ದೋಸೆ ಹೆಂಚು ತರೋದಾದ್ರೆ ತಳ ಸಪಾಟಾಗಿರೋದು ನೋಡಿ ತನ್ನಿ, ಇಲ್ಲಿ ಜಾಸ್ತಿ ಗಾಜಿನ ಎಲೆಕ್ಟ್ರಿಕ್ ಒಲೆ. ಹಳೇ ಮನೆಯಲ್ಲಿ ಕಿತ್ತಳೆ ಬಣ್ಣದ ಸಿಲಿಂಡರ್ ಇದ್ರೆ ಅದೃಷ್ಟ, ಮನೆ ಬಾಗಿಲಿಗೇ ತಂದು ಕೊಡ್ತಾರೆ. ಹೋಟೆಲಲ್ಲಿ ಸಸ್ಯಾಹಾರಿ ಅಂದ್ರೆ ಸಾಕಾಗಲ್ಲ, ಸಲಾಡ್ ಮೇಲೂ ಟ್ಯೂನಾ ಹಾಕಿ ತರ್ತಾರೆ, ಮಾಂಸ ಮೀನು ಎರಡೂ ಬೇಡ ಅಂತ ಬಿಡಿಸಿ ಹೇಳಿ. ಬೆಳಿಗ್ಗೆ ಹತ್ತು ಹತ್ತೂವರೆಗೆ ಇಲ್ಲಿನೋರು ಆಲ್ಮುಯೆರ್ಸೊ ಅಂತ ಕೂರ್ತಾರೆ, ಕಡ್ಲೆಕಾಯಿ, ಆಲಿವ್, ಮೊಳಕೈ ಉದ್ದದ ಬ್ರೆಡ್ಡು, ಆಮೇಲೆ ಕಾಫಿ. ಆಲೂಗಡ್ಡೆ ಆಮ್ಲೆಟ್ ಹಾಕಿದ್ದು ಕೇಳಿ. ಒಂದಷ್ಟು ದಿನ ಅದೇ ಕಾಫಿ ಬಾರ್‌ಗೆ ಹೋಗ್ತಾ ಇದ್ರೆ ಕೌಂಟರಲ್ಲಿರೋನು ನಿಮ್ಮ ಹೆಸರು ಕಲೀತಾನೆ, ಸ್ಪ್ಯಾನಿಷ್ ಕಲಿಯೋಕೆ ನನಗೆ ಗೊತ್ತಿರೋ ಒಳ್ಳೇ ಜಾಗ ಅದೇ. ಬೋರ್ಡುಗಳು ವಲೆನ್ಸಿಯಾನೋ ಅನ್ನೋ ಇಲ್ಲಿನ ಭಾಷೆಯಲ್ಲಿ ಇರತ್ತೆ, ಮನೆ ಆಡುಮಾತು ಎಷ್ಟೋ ಜನಕ್ಕೆ ಅದೇ, "ಬೋನ್ ದಿಯಾ" ಅಂತ ಶುರು ಮಾಡಿದ್ರೆ ಮುಖ ಅರಳತ್ತೆ. ನಾವು ಕನ್ನಡದೋರು ಇದನ್ನ ಬೇರೆ ಯಾರಿಗೂ ವಿವರಿಸಬೇಕಾಗಿಲ್ಲ.

ಬೀದಿಬದಿ ಮರದಲ್ಲಿ ಕಿತ್ತಳೆ ತೂಗಾಡ್ತಿರತ್ತೆ, ನೋಡಿದ್ರೆ ಹೇರಳೆಕಾಯಿ ಚಿತ್ರಾನ್ನ ನೆನಪಾಗತ್ತೆ, ಕಹಿ ಕಿತ್ತಳೆ ಅದು, ಗಾಡಿ ಹೊಗೆ ಕುಡಿದು ಬೆಳೆದಿದ್ದು, ಕೀಳಬೇಡಿ.

ಮಾರ್ಚಲ್ಲಿ ಮಾತ್ರ ಮನೆ ಹುಡುಕೋಕೆ ಬರಬೇಡಿ, ಆಗ ಇಲ್ಲಿ ಫಾಯಸ್ ಹಬ್ಬ. 1ರಿಂದ 19ರ ತನಕ ದಿನಾ ಮಧ್ಯಾಹ್ನ 2ಕ್ಕೆ ನಗರಸಭೆ ಚೌಕದಲ್ಲಿ ಪಟಾಕಿ ಸಿಡಿಸ್ತಾರೆ, ಹಬ್ಬದ ಕೊನೇ ದಿನಗಳಲ್ಲಿ ಬೀದಿಗಳೇ ಬಂದ್, 19ರ ರಾತ್ರಿ ವರ್ಷವಿಡೀ ಕಟ್ಟಿದ ದೊಡ್ಡ ದೊಡ್ಡ ಬೊಂಬೆಗಳನ್ನ ಸುಡ್ತಾರೆ. ಹೋಟೆಲ್ ರೇಟ್ ಆಕಾಶಕ್ಕೆ, ಆಫೀಸ್ ಕೆಲಸ ಸರಿಯಾಗಿ ಓಡಲ್ಲ, ಕಾಲ್ ಇದ್ರೆ ಮ್ಯೂಟ್ ಒತ್ಕೊಂಡೇ ಇರಿ. 2026ರಲ್ಲಿ ಯುಗಾದಿನೂ ಅದೇ ಮಾರ್ಚ್ 19ಕ್ಕೆ. ಬೇವು ಬೆಲ್ಲಕ್ಕೆ ಅಂತ ಇಲ್ಲಿನ ಬೀದಿ ಮರದ ಎಲೆ ಕೀಳೋ ಆಸೆ ಬರತ್ತೆ, ಎಲೆ ನೋಡೋಕೆ ಬೇವಿನ ಥರನೇ, ಆದ್ರೆ ಅದು ಹುಚ್ಚುಬೇವು, ಹಣ್ಣು ವಿಷ, ಎಲೆನೂ ತಿನ್ನೋದಲ್ಲ. ಹೊಸದಾಗಿ ಬಂದೋರು ಅಡುಗೆಗೆ ಕೈ ಹಾಕೋ ಮುಂಚೆ ನಮ್ಮಲ್ಲಿ ಯಾರನ್ನಾದ್ರೂ ಒಂದು ಮಾತು ಕೇಳಿ, ಒಣಗಿಸಿದ ಬೇವಿನ ಹೂ ಯಾರ ಮನೆ ಡಬ್ಬಿಯಲ್ಲಾದ್ರೂ ಇದ್ದೇ ಇರತ್ತೆ.